ಪಫ್ಸ್ ಬೇಕಾದರೆ ಸಂಜೆ 4ಕ್ಕೇ ಹೋಗಿ
ಮಂಗಳೂರಿನ ಜೆಪ್ಪು ಕಡೆ ಹೋಗುವವರಿದ್ದರೆ ಮುಖ್ಯರಸ್ತೆ ಬಿಟ್ಟು ಒಳ ಓಣಿಗೆ ಒಮ್ಮೆ ಇಳಿಯಿರಿ. ಬೋರ್ಡೂ ಸರಿಯಾಗಿ ಕಾಣದ ಪುಟ್ಟ ಬೇಕರಿ ಇದೆ, ಪರಿಮಳವೇ ದಾರಿ ತೋರಿಸುತ್ತದೆ. ಸಂಜೆ 4ರ ಹೊತ್ತಿಗೆ ಟ್ರೇ ಹೊರಗೆ ಬರುತ್ತದೆ. ಮೊಟ್ಟೆ ಪಫ್ಸ್ ಮುರಿದರೆ ಪದರಗಳು ಒಣ ಎಲೆಯಂತೆ ಚರಚರ ಉದುರುತ್ತವೆ, ಒಳಗೆ ಈರುಳ್ಳಿ ಕಂದು ಬಣ್ಣಕ್ಕೆ ಬರುವಷ್ಟು ಬಾಡಿರುತ್ತದೆ. ನನಗೆ ಕೇಕಿಗಿಂತ ಇದೇ ಇಷ್ಟ. ಖಾರ ಬಿಸ್ಕತ್ತೂ ಬಿಡಬೇಡಿ.

ಮನೆಗೆ ತರುವುದಾದರೆ ಪ್ಲಾಸ್ಟಿಕ್ ಕವರ್ ಬೇಡ, ಕಾಗದದಲ್ಲೇ ಕಟ್ಟಿಸಿಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಪದರ ಬೇಗ ಮೆತ್ತಗಾಗುತ್ತದೆ. ಮೈಕ್ರೋವೇವಿನಲ್ಲಿಟ್ಟರೆ ಇನ್ನೂ ಹಾಳು, ಒಳಗಿನ ನೀರು ಆವಿಯಾಗಿ ಹೊರಪದರವನ್ನೇ ನೆನೆಸುತ್ತದೆ. ಕಾವಲಿಯಲ್ಲಿ ಸಣ್ಣ ಉರಿಗೆ, ಮುಚ್ಚಳ ಹಾಕದೆ, ಎರಡೂ ಬದಿ ಬಿಸಿ ಮಾಡಿ. ಚಿಲ್ಲರೆ ಹಣ ಹಿಡಿದುಕೊಂಡೇ ಹೋಗಿ.