ಫಿಗರ್ ಸ್ಕೇಟಿಂಗ್‌ನಲ್ಲಿ ನ್ಯಾಷನಲ್ಸ್ ತಲುಪಬೇಕೆಂದರೆ: ಬೂಟು, ಎಡ್ಜ್, ಜಂಪಿನ ಲೆಕ್ಕ

ಅಮೆರಿಕದಲ್ಲಿ ಮಗುವನ್ನು ಐಸ್ ರಿಂಕಿಗೆ ಸೇರಿಸಿದ ಅಪ್ಪ ಅಮ್ಮಂದಿರಿಗೆ ಮುಂದಿನ ದಾರಿ ಗೊತ್ತಿರಬೇಕು. ಲರ್ನ್ ಟು ಸ್ಕೇಟ್ ತರಗತಿ ಮುಗಿದ ಮೇಲೆ ಕ್ಲಬ್ಬು, ಆಮೇಲೆ ಪ್ರಿಲಿಮಿನರಿ, ಜುವೆನೈಲ್, ಇಂಟರ್‌ಮೀಡಿಯೆಟ್, ನಾವಿಸ್, ಜೂನಿಯರ್, ಸೀನಿಯರ್ ಎಂಬ ಮೆಟ್ಟಿಲುಗಳು. ಮೇಲೇರಲು ಈ ಆಟದ ರಾಷ್ಟ್ರೀಯ ಸಂಸ್ಥೆಯಾದ ಯು.ಎಸ್. ಫಿಗರ್ ಸ್ಕೇಟಿಂಗ್‌ನ ಪರೀಕ್ಷೆಗಳನ್ನು ಪಾಸು ಮಾಡಬೇಕು. ನ್ಯಾಷನಲ್ಸ್, ಅಂದರೆ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಶಿಪ್, ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ 2024–25ರಿಂದ ಕನಿಷ್ಠ ವಯಸ್ಸು 17. ಹಾಗಾಗಿ ಹನ್ನೊಂದರ ಮಗುವಿಗೆ ಇನ್ನೂ ಟ್ರಿಪಲ್ (ಗಾಳಿಯಲ್ಲಿ ಮೂರು ಸುತ್ತಿನ ಜಂಪ್) ಬರಲಿಲ್ಲವೆಂದು ಯಾರೂ ಕಂಗಾಲಾಗಬೇಕಿಲ್ಲ. ಆತುರಪಟ್ಟವರೇ ಹೆಚ್ಚಾಗಿ ನಡುದಾರಿಯಲ್ಲಿ ನಿಲ್ಲುತ್ತಾರೆ.

ಮೊದಲು ಬೂಟು. ಬೆಳೆಯುವ ಮಗುವೆಂದು ಎರಡು ಸೈಜ್ ದೊಡ್ಡದು ಕೊಳ್ಳಲೇಬೇಡಿ; ಅರ್ಧ ಸೈಜಿಗಿಂತ ಹೆಚ್ಚು ಬಿಟ್ಟರೆ ಹಿಮ್ಮಡಿ ಒಳಗೇ ಏಳುತ್ತದೆ, ಹಿಮ್ಮಡಿ ಎದ್ದರೆ ಎಡ್ಜ್, ಅಂದರೆ ಬ್ಲೇಡಿನ ಒಳ ಅಥವಾ ಹೊರ ಅಂಚಿನ ಮೇಲಿನ ಹಿಡಿತ, ನಿಲ್ಲುವುದಿಲ್ಲ. ಲೇಸು ಬಿಗಿದು ಮಂಡಿ ಮುಂದಕ್ಕೆ ಬಗ್ಗಿಸಿ ನೋಡಿ. ಹಿಮ್ಮಡಿ ಅಲುಗಬಾರದು, ಬೆರಳ ತುದಿ ಮುಂಭಾಗಕ್ಕೆ ಸುಮ್ಮನೆ ತಾಕಬೇಕು. ಸಿಂಗಲ್ ಜಂಪ್ ಮಾಡುವ ಹಗುರ ಮಗುವಿಗೆ ಡಬಲ್, ಟ್ರಿಪಲ್‌ಗೆಂದು ಮಾಡಿದ ಗಟ್ಟಿ ಬೂಟು ಹಾಕಿಸಿದರೆ ಪಾದದ ಗಂಟು ಬಗ್ಗದೆ ಇಳಿಯುವಾಗಿನ ಪೆಟ್ಟೆಲ್ಲ ಮಂಡಿಗೆ, ಸೊಂಟಕ್ಕೆ ಹೋಗುತ್ತದೆ.

ಬ್ಲೇಡನ್ನು ಮೊದಲು ಉದ್ದ ತೂತುಗಳಲ್ಲಿ ತಾತ್ಕಾಲಿಕ ಸ್ಕ್ರೂ ಹಾಕಿಸಿ ಕೂರಿಸಬೇಕು. ಕೆಲವು ದಿನ ಸ್ಕೇಟ್ ಮಾಡಿಸಿ, ಒಂಟಿ ಕಾಲಲ್ಲಿ ನೇರ ಜಾರುವಾಗ ಒಂದೇ ಬದಿಗೆ ಎಳೆಯುತ್ತಿದ್ದರೆ ಸ್ಕ್ರೂ ಸಡಿಲಿಸಿ ಬ್ಲೇಡನ್ನು ತುಸು ಸರಿಸಿ, ಆಮೇಲೆ ಕಾಯಂ ಸ್ಕ್ರೂ. ಸಾಣೆಯಲ್ಲಿ ಬ್ಲೇಡಿನ ತಳಕ್ಕೆ ಉದ್ದಕ್ಕೂ ತೋಡು ಕೊರೆಯುತ್ತಾರೆ; ಅದಕ್ಕೆ ಸಾಮಾನ್ಯ ಆರಂಭ ಅರ್ಧ ಇಂಚಿನ ರೇಡಿಯಸ್. ರೇಡಿಯಸ್ ಇಳಿದಷ್ಟೂ ತೋಡು ಆಳವಾಗಿ ಹಿಡಿತ ಹೆಚ್ಚುತ್ತದೆ, ಆದರೆ ಜಾರುವಿಕೆ ಕುಗ್ಗುತ್ತದೆ. 20–30 ಗಂಟೆಗೊಮ್ಮೆ ಹಿಡಿಸಿದರೆ ಸಾಕು. ಸಾಣೆಯಾದ ಮೇಲೆ ಬ್ಲೇಡಿನ ಮೇಲೆ ಅಡ್ಡಲಾಗಿ ಒಂದು ನಾಣ್ಯವಿಟ್ಟು ಕಣ್ಣಳತೆಯಲ್ಲಿ ನೋಡಿ: ನಾಣ್ಯ ವಾಲಿದ್ದರೆ ಎರಡು ಎಡ್ಜ್ ಸಮವಾಗಿಲ್ಲ, ವಾಪಸ್ ಕೊಡಿ. ಬ್ಲೇಡಿನ ಮುಂತುದಿಯ ಹಲ್ಲುಗಳಲ್ಲಿ ಕೆಳಗಿನದನ್ನು ಸಾಣೆಯವರು ಸವೆಸದಂತೆ ಮೊದಲೇ ಹೇಳಿ. ಐಸಿನಿಂದ ಬಂದ ಕೂಡಲೇ ಒರೆಸಿ ಬಟ್ಟೆಯ ಕವರ್ ಹಾಕಬೇಕು. ನಡೆಯುವ ಪ್ಲಾಸ್ಟಿಕ್ ಗಾರ್ಡಿನಲ್ಲೇ ಬಿಟ್ಟರೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಬೆಂಗಳೂರಲ್ಲಿ ಚಕ್ರದ ಸ್ಕೇಟ್ ಕಲಿತು ಬಂದ ಮಗುವಿಗೆ ವೇಗವೂ ಧೈರ್ಯವೂ ಮೊದಲೇ ಇರುತ್ತವೆ. ಆದರೆ ಬ್ಲೇಡ್ ಉದ್ದಕ್ಕೂ ತುಸು ಬಾಗಿದ್ದು, ತಿರುವುಗಳು ಮುಂಪಾದದ ಉಬ್ಬಿನ ಮೇಲೆ ಆಗುತ್ತವೆ. ತಿಂಗಳುಗಟ್ಟಲೆ ತ್ರೀ ಟರ್ನ್ (ಒಂದೇ ಕಾಲಲ್ಲಿ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುಗುವುದು) ಮಾಡಿಸಿದರೂ ಅದು ವ್ಯರ್ಥವಲ್ಲ.

ಜಂಪುಗಳಿಗೆ ಬರೋಣ. ಲಟ್ಜ್, ಫ್ಲಿಪ್ ಎರಡೂ ಹಿಂದಕ್ಕೆ ಜಾರುತ್ತ ಏಳುವ ಜಂಪುಗಳು: ಲಟ್ಜ್ ಹೊರ ಎಡ್ಜಿನಿಂದ, ಫ್ಲಿಪ್ ಒಳ ಎಡ್ಜಿನಿಂದ ಏಳಬೇಕು. ಲಟ್ಜ್‌ನ ದಾರಿ ಒಂದು ಕಡೆ ಬಾಗಿದ್ದರೆ ಮೈ ಸುತ್ತುವುದು ಇನ್ನೊಂದು ಕಡೆ, ಆದ್ದರಿಂದ ಕೊನೆಯ ಕ್ಷಣದಲ್ಲಿ ಪಾದ ಒಳಕ್ಕೆ ಉರುಳುತ್ತದೆ. ತಾಂತ್ರಿಕ ಮಂಡಳಿ ಸ್ಪಷ್ಟ ತಪ್ಪು ಎಡ್ಜ್ ಎಂದು ಗುರುತಿಸಿದರೆ ಮೂಲ ಅಂಕವೇ ಕಡಿತ. ಈ ಅಭ್ಯಾಸವನ್ನು ಡಬಲ್ ಹಂತದಲ್ಲೇ ಬಿಡಿಸಬೇಕು. ಟ್ರಿಪಲ್ ಬಂದಮೇಲೆ ಬಿಡಿಸುವುದು ತೀರಾ ಕಷ್ಟ.

ಒಂದು ಲೆಕ್ಕ ನೋಡಿ. 2024–25ರ ಮೂಲ ಅಂಕಗಳ ಪಟ್ಟಿಯಲ್ಲಿ ಮುಂದಕ್ಕೆ ಜಾರುತ್ತ ಏಳುವ ಡಬಲ್ ಆಕ್ಸೆಲ್‌ಗೆ 3.3, ಡಬಲ್ ಲಟ್ಜ್‌ಗೆ 2.1. ಆಕ್ಸೆಲ್ ಅರ್ಧ ಸುತ್ತು ಕಡಿಮೆಯಾದರೆ ಅದನ್ನು ಸಿಂಗಲ್ ಎಂದೇ ಎಣಿಸಿ 1.1 ಕೊಡುತ್ತಾರೆ. ಬಿದ್ದರೆ ಗುಣಮಟ್ಟದ ಅಂಕ ಸುಮಾರು 0.55 ಹೋಗುತ್ತದೆ, ಸೀನಿಯರ್‌ನಲ್ಲಿ ಬಿದ್ದದ್ದಕ್ಕೆ ಇನ್ನೊಂದು ಪೂರ್ತಿ ಅಂಕ. ಒಟ್ಟು ಸೊನ್ನೆಗಿಂತ ಕೆಳಗೆ! ಶುದ್ಧ ಡಬಲ್ ಲಟ್ಜ್ 2.1ಕ್ಕೂ ಮೇಲೆ ತರುತ್ತದೆ. ಅಭ್ಯಾಸದಲ್ಲಿ ಹತ್ತಕ್ಕೆ ಏಳೆಂಟು ಸಲ ನಿಲ್ಲದ ಜಂಪನ್ನು ಪ್ರೋಗ್ರಾಮಿಗೆ (ಸಂಗೀತಕ್ಕೆ ಹೆಣೆದ ಸ್ಪರ್ಧೆಯ ಪ್ರದರ್ಶನಕ್ಕೆ) ಹಾಕಬೇಡಿ.

ಇಳಿಯುವುದು ಯಾವಾಗಲೂ ಅದೇ ಒಂದು ಕಾಲಿನ ಮೇಲೆ, ಪೆಟ್ಟೆಲ್ಲ ಆ ಕಾಲಿಗೇ. ನೆಲದ ಮೇಲಿನ ಅಭ್ಯಾಸವನ್ನೂ ಸೇರಿಸಿ ದಿನದ ಜಂಪುಗಳನ್ನು ಪುಸ್ತಕದಲ್ಲಿ ಬರೆದಿಡಿ. ಬೆನ್ನು ಹಿಂದಕ್ಕೆ ಬಾಗಿಸಿದಾಗ ಸೊಂಟದಲ್ಲಿ ನೋವು ಬಂದು ವಾರವಾದರೂ ಹೋಗದಿದ್ದರೆ ಮಸಾಜಿನಲ್ಲಿ ಕಾಲ ಕಳೆಯದೆ ಕ್ರೀಡಾ ವೈದ್ಯರಿಗೆ ತೋರಿಸಿ. ಬೆಳೆಯುವ ಸ್ಕೇಟರ್‌ಗಳ ಬೆನ್ನೆಲುಬಿನಲ್ಲಿ ಒತ್ತಡದ ಬಿರುಕು ಬರುವುದುಂಟು.

ಸ್ಪರ್ಧೆಗೆ ತಿಂಗಳಿರುವಾಗ ಹೊಸ ಬೂಟು ಬೇಡ. ಸಾಣೆ ಮೂರು ನಾಲ್ಕು ದಿನ ಮೊದಲು ಮುಗಿಸಿ, ಹೊಸ ಎಡ್ಜಿನ ಮೇಲೆ ಪ್ರೋಗ್ರಾಮನ್ನು ಪೂರ್ತಿಯಾಗಿ ಒಂದೆರಡು ಸಲ ಓಡಿಸಿ. ಒಂದು ಜೊತೆ ಲೇಸು ಮತ್ತು ಚಿಕ್ಕ ಸ್ಕ್ರೂಡ್ರೈವರ್ ಚೀಲದಲ್ಲಿರಲಿ.