ಸ್ಲೀಪ್ ಇಲ್ಲದೆ ಎದ್ದು ನಿಂತ ಸರ್ವಿಸ್: ನನ್ನ ಅನುಭವ

ಬೇರೊಂದು ಯಂತ್ರದ ಡೇಟಾಬೇಸ್‌ಗೆ ಸಂಪರ್ಕ ಸಾಧಿಸಬೇಕಾದ ನಮ್ಮ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್), ಲಿನಕ್ಸ್ ಸರ್ವರ್ ರೀಬೂಟ್ ಆದಾಗಲೆಲ್ಲ ಬಿದ್ದುಹೋಗುತ್ತಿತ್ತು. ಲಾಗಿನ್ ಆಗಿ ಸ್ಟಾರ್ಟ್ ಕೊಟ್ಟರೆ ಸಲೀಸಾಗಿ ಓಡುತ್ತಿತ್ತು. ಮೂವತ್ತು ಸೆಕೆಂಡಿನ ಸ್ಲೀಪ್, ಅಂದರೆ ಸುಮ್ಮನೆ ಕಾಯಿಸುವ ಆಜ್ಞೆ, ಸೇರಿಸಿಬಿಡಿ ಎಂದು ಸಹೋದ್ಯೋಗಿಗಳು ಹೇಳಿದರು. ಅದು ಒಮ್ಮೆ ನಡೆದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಆಮೇಲೆ ದೋಷ ನೆಟ್‌ವರ್ಕ್ ಕಾರ್ಡಿನದೆಂದು ಅವರೇ ತೀರ್ಮಾನಿಸಿ ಹೊಸ ಕಾರ್ಡಿಗೂ ಹೊರಗಿನ ತಂತ್ರಜ್ಞರ ಭೇಟಿಗೂ ಸುಮಾರು ಒಂದು ತಿಂಗಳ ನಿರ್ವಹಣಾ ವೆಚ್ಚದಷ್ಟು ಹಣ ಸುರಿದರು. ಫಲ ಸಿಗಲಿಲ್ಲ.

ಬೂಟ್ ಆಗುವಾಗ ಸರ್ವಿಸ್‌ಗಳನ್ನು ಎಬ್ಬಿಸುವುದು ಸಿಸ್ಟಮ್‌ಡಿ, ಅದರ ಹಂತಗಳಿಗೆ ಟಾರ್ಗೆಟ್ ಎನ್ನುತ್ತಾರೆ. ನೆಟ್‌ವರ್ಕ್.ಟಾರ್ಗೆಟ್ ನಂಬಿ ಕೂರುವಂತಿಲ್ಲ, ಅದು ಬಂದರೂ ನೆಟ್‌ವರ್ಕ್ ಸಿದ್ಧವಾಗಿರಬೇಕೆಂದಿಲ್ಲ. ಹಾಗಾಗಿ ಸಂಪರ್ಕ ಸಿದ್ಧವಾಗುವವರೆಗೆ ಕಾಯಿಸುವ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್ ಅನ್ನು ಯೂನಿಟ್ ಫೈಲ್‌ನ (ಸಿಸ್ಟಮ್‌ಡಿಗೆ ಸೂಚನೆ ಕೊಡುವ ಕಡತ) ಆಫ್ಟರ್ (ಇದರ ನಂತರ), ವಾಂಟ್ಸ್ (ಇದೂ ಬೇಕು) ಎರಡರಲ್ಲೂ ಬರೆದೆ. ಆಫ್ಟರ್ ಒಂದೇ ಇದ್ದರೆ ಆ ಟಾರ್ಗೆಟ್ ಬೂಟ್‌ನೊಳಗೆ ಬರುವುದೇ ಖಾತ್ರಿಯಿಲ್ಲ. ಆಗ ಬೂಟ್ ಎರಡು ನಿಮಿಷ ತಡವಾಯಿತು. ಬೂಟ್‌ನ ಸಮಯ ಎಲ್ಲಿ ಹೋಯಿತೆಂದು ತೋರಿಸುವ ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್ ನೋಡಿದರೆ, ನೆಟ್‌ವರ್ಕ್‌ಗಾಗಿ ಕಾಯುವ ವೇಟ್-ಆನ್‌ಲೈನ್ ತನ್ನ 120 ಸೆಕೆಂಡಿನ ಗಡುವನ್ನೆಲ್ಲ ಕೇಬಲ್ಲೇ ಇಲ್ಲದ ಎರಡನೆಯ ಪೋರ್ಟ್‌ಗಾಗಿ ಕಳೆದಿತ್ತು. ಆ ಪೋರ್ಟ್‌ಗಾಗಿ ಕಾಯಬೇಕೇ ಎಂದು ಹೇಳುವ ರಿಕ್ವೈರ್ಡ್‌ಫಾರ್‌ಆನ್‌ಲೈನ್ ಅನ್ನು ನೋ ಮಾಡಿದ ಮೇಲೆ ವಿಳಂಬ ಹೋಯಿತು, ಸರ್ವಿಸ್ ಬೀಳುವುದು ಮಾತ್ರ ನಿಲ್ಲಲಿಲ್ಲ.

ನಿಜವಾದ ಕಾರಣ ನಮ್ಮ ಸರ್ವರ್‌ನ ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್‌ನಲ್ಲಿತ್ತು. ಲಿಂಕ್ ಎದ್ದಾಗಲೆಲ್ಲ ಸ್ವಿಚ್‌ಗಳ ನಡುವೆ ಸುತ್ತು (ಲೂಪ್) ಆಗದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ, ಲಿಸನಿಂಗ್ ಹಂತಕ್ಕೆ 15, ಲರ್ನಿಂಗ್ ಹಂತಕ್ಕೆ 15 ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪೋರ್ಟ್‌ನ ದೀಪ ಉರಿಯುತ್ತಿದ್ದರೂ ನಮ್ಮ ಪ್ಯಾಕೆಟ್ ಒಂದೂ ದಾಟುವುದಿಲ್ಲ. ಮೂವತ್ತು ಸೆಕೆಂಡಿನ ಸ್ಲೀಪ್ ಅರ್ಧಂಬರ್ಧ ಗೆಲ್ಲುತ್ತಿದ್ದುದು ಇದರಿಂದಲೇ. ನಮ್ಮದು ಸ್ಥಿರ ಐಪಿ ವಿಳಾಸವಾದ್ದರಿಂದ ಸಿಸ್ಟಮ್‌ಡಿಯ ಲೆಕ್ಕದಲ್ಲಿ ನೆಟ್‌ವರ್ಕ್ ಆಗಲೇ ಸಿದ್ಧವಾಗಿರುತ್ತಿತ್ತು. ಸರ್ವಿಸ್ 100 ಮಿಲಿಸೆಕೆಂಡಿನ ಅಂತರದಲ್ಲಿ ಐದು ಬಾರಿ ಎದ್ದು ಬಿದ್ದ ಮೇಲೆ, ಜರ್ನಲ್‌ನಲ್ಲಿ (ಸಿಸ್ಟಮ್‌ಡಿಯ ದಾಖಲೆ) ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’, ಅಂದರೆ ತೀರ ಬೇಗ ಬೇಗ ಎಬ್ಬಿಸಲಾಗಿದೆ, ಎಂಬ ಸಾಲು ಬಂದು ಎಲ್ಲವೂ ಸ್ತಬ್ಧವಾಗುತ್ತಿತ್ತು.

ಸ್ವಿಚ್‌ನ ಆ ಪೋರ್ಟ್ ಅನ್ನು ಈ ಕಾಯುವಿಕೆ ಇಲ್ಲದ ಎಡ್ಜ್ ಪೋರ್ಟ್ ಮಾಡಿಸಿದೆ. ಆ ತುದಿಯಲ್ಲಿ ಇನ್ನೊಂದು ಸ್ವಿಚ್ ಇರುವಲ್ಲಿ ಇದನ್ನು ಮಾಡಬಾರದು. ಮರುಪ್ರಯತ್ನಗಳ ನಡುವೆ ಐದು ಸೆಕೆಂಡು ಬಿಡಲು ರಿಸ್ಟಾರ್ಟ್‌ಸೆಕ್ 5 ಎಂದೂ, ಪ್ರಯತ್ನಗಳ ಮಿತಿ ತೆಗೆಯಲು ಯೂನಿಟ್ ವಿಭಾಗದಲ್ಲಿ ಸ್ಟಾರ್ಟ್‌ಲಿಮಿಟ್‌ಇಂಟರ್ವಲ್‌ಸೆಕ್ 0 ಎಂದೂ ಬರೆದೆ. ಇವುಗಳ ಜೊತೆಗೆ ಡೇಟಾಬೇಸ್ ನಿಜವಾಗಿ ಉತ್ತರಿಸುತ್ತಿದೆಯೇ ಎಂದು ಪರೀಕ್ಷಿಸುವ ಚಿಕ್ಕದೊಂದು ಒನ್‌ಶಾಟ್ ಯೂನಿಟ್ (ಒಂದು ಕೆಲಸ ಮಾಡಿ ಮುಗಿಯುವಂಥದ್ದು) ಇದೆ. ಅದರೊಳಗಿನ ಪರೀಕ್ಷೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಇದಕ್ಕೆಲ್ಲ ಬಿಡಿಗಾಸಿನ ಖರ್ಚೂ ಬರಲಿಲ್ಲ, ಮತ್ತು ಅಂದಿನಿಂದ ಆ ಸರ್ವಿಸ್ ಅನ್ನು ಯಾರೂ ಕೈಯಿಂದ ಎಬ್ಬಿಸಿಲ್ಲ. ಸ್ಲೀಪ್ ಸೇರಿಸಿ ಎಂದಿದ್ದವರೇ ಈಗ ನನ್ನ ಯೂನಿಟ್ ಫೈಲ್ ಕೇಳಿ ಒಯ್ಯುತ್ತಾರೆ.

ನಡುವೆ ಐಪಿ-ನಾನ್‌ಲೋಕಲ್-ಬೈಂಡ್ ಎಂಬ ಲಿನಕ್ಸ್ ಕರ್ನಲ್ ಸೆಟ್ಟಿಂಗನ್ನೂ ಪ್ರಯೋಗಿಸಿದ್ದೆ. ಯಂತ್ರಕ್ಕೆ ಇನ್ನೂ ಬಾರದ ಐಪಿ ವಿಳಾಸಕ್ಕೆ ಬೈಂಡ್ ಆಗಬೇಕಾದ (ಅದರಲ್ಲಿ ಕಾದು ಕೂರಬೇಕಾದ) ಸರ್ವಿಸ್‌ಗಳಿಗೆ ಅದು ಒಳ್ಳೆಯ ಮದ್ದು, ಹೊರಕ್ಕೆ ಸಂಪರ್ಕ ಸಾಧಿಸುವವುಗಳಿಗೆ ಉಪಯೋಗವಿಲ್ಲ. ನೆಟ್‌ವರ್ಕ್ ಮೂಲಕ ಬೇರೆ ಯಂತ್ರದ ಕಡತಗಳನ್ನು ಜೋಡಿಸುವ ಎನ್‌ಎಫ್‌ಎಸ್ ಮೌಂಟ್‌ಗಳಿಗಂತೂ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿಯ ಕಡತ) ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್ ಬರೆದರೆ ಸಾಕು, ಯಾರಾದರೂ ಆ ಡೈರೆಕ್ಟರಿಯನ್ನು ಮುಟ್ಟಿದಾಗಷ್ಟೇ ಮೌಂಟ್ ಆಗುತ್ತದೆ.