ವಾಲ್ವ್ ಟೈಟ್ ಮಾಡಿಸಿದ್ದು ನಾನೇ, ಆದ್ರೂ ಕೇಸ್ ಹಾಕಿದೆ

ನಮ್ದು ಬಳ್ಳಾರಿ, ಕೌಲ್ ಬಜಾರ್ ಕಡೆ. ಮನೆ ಮುಂದಿನ ರೂಮ್‌ನಾಗೆ ಜೀನ್ಸ್ ಪ್ಯಾಂಟ್ ಇಸ್ತ್ರಿ ಮಾಡೋ ಜಾಬ್ ವರ್ಕ್. ವಾಷಿಂಗ್ ಯೂನಿಟ್‌ನಿಂದ ಗಂಟು ಬರ್ತಾವೆ, ಹೆಚ್ಚಾದ ದಾರ ಕತ್ತರಿಸಿ, ಸ್ಟೀಮ್ ಇಸ್ತ್ರಿ ಹೊಡೆದು, ಮಡಚಿ ಎಣಿಸಿ ವಾಪಸ್ ಕಳಿಸೋದು. ನಾನು, ನಮ್ಮನೆಯವಳು, ಸೀಸನ್ ಇದ್ರೆ ಒಬ್ಬ ಹುಡುಗ, ಅಷ್ಟೇ ಜನ. ಇದನ್ನ ಮೊದ್ಲೇ ಯಾಕೆ ಹೇಳ್ತೀನಿ ಅಂದ್ರೆ ಮುಂದೆ ಕೇಸ್‌ನಾಗೆ ಇದೇ ದೊಡ್ಡ ಮಾತಾಯ್ತು.

2021ರ ದೀಪಾವಳಿ ಮುಂಚೆ ಹೊಸ ಸ್ಟೀಮ್ ಬಾಯ್ಲರ್ ತಗೊಂಡೆ. 6 ಲೀಟರ್‌ದು, 2000 ವ್ಯಾಟ್ ಹೀಟರ್, 18,500 ರೂಪಾಯಿ. ಅಂಗಡಿಯವನು "ಅಣ್ಣ, ಬಿಲ್ ಬೇಕಾ ಬೇಡ್ವಾ" ಅಂದ, ಬೇಕು ಅಂದ್ರೆ ಜಿಎಸ್‌ಟಿ ಮೇಲೆ ಬೀಳುತ್ತೆ ಅಂತಾನೂ ಅಂದ, ನಾನು ಭಾಳ ಶಾಣ್ಯಾ ಅಲ್ವಾ, ಬೇಡ ಅಂದೆ. ಬಿಳಿ ಚೀಟಿ ಮೇಲೆ ಬರ್ಕೊಟ್ಟ. ದುಡ್ಡು ಮಾತ್ರ ಫೋನ್‌ಪೇ ಮಾಡಿದ್ದೆ, ಅದೊಂದು ನನ್ನ ಪುಣ್ಯ.

ಈ ಮಷೀನ್ ಗೊತ್ತಿಲ್ದವರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಒಳಗೆ ನೀರು ಕಾದು ಆವಿ ಆಗುತ್ತೆ, ಪೈಪ್‌ನಾಗೆ ಇಸ್ತ್ರಿ ಪೆಟ್ಟಿಗೆಗೆ ಬರುತ್ತೆ. ಪ್ರೆಶರ್ 4 ಕೆಜಿ ಮುಟ್ಟಿದ್ರೆ ಪ್ರೆಶರ್ ಸ್ವಿಚ್ ಹೀಟರ್‌ಗೆ ಕರೆಂಟ್ ಕಟ್ ಮಾಡ್ಬೇಕು. ಅದು ಕೆಟ್ರೆ ಮೇಲಿರೋ ಸೇಫ್ಟಿ ವಾಲ್ವ್ ಬಾಯಿ ತೆಗೆದು ಆವಿ ಹೊರಗೆ ಬಿಡ್ಬೇಕು. ಎರಡೇ ಕಾವಲು. ದೊಡ್ಡ ಬಾಯ್ಲರ್‌ಗಾದ್ರೆ ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ಚೆಕ್ ಮಾಡ್ತಾರೆ, 25 ಲೀಟರ್‌ಗಿಂತ ಕಡಿಮೆ ಇದ್ರೆ ಅದು ಬಾಯ್ಲರ್ ಕಾಯ್ದೆ ಲೆಕ್ಕಕ್ಕೇ ಬರಲ್ಲ. ಹಂಗಾಗಿ ನಮ್ಮಂಥವರ ಮನೆಯಾಗಿರೋದನ್ನ ನೋಡೋರು ಯಾರೂ ಇಲ್ಲ, ಮಾಡಿದ ಕಂಪನಿ ಮತ್ತೆ ನಾವು.

ನಮ್ಮ ಬೋರ್ ನೀರಂತೂ ಸ್ಟೀಲ್ ಬಿಂದಿಗೆ ಒಳಗೂ ಬೆಳ್ಳಗೆ ಪದರ ಕಟ್ಟಿಸೋ ನೀರು. ಅದನ್ನೇ ಹಾಕ್ತಿದ್ದೆ. ನಾಕು ತಿಂಗಳಿಗೆ ಸೇಫ್ಟಿ ವಾಲ್ವ್ ಸುಯ್ ಅಂತ ಸೋರಾಕ ಶುರು ಆಯ್ತು, ಉಪ್ಪು ಕಟ್ಟಿ ಸರಿಯಾಗಿ ಕೂರ್ತಿರ್ಲಿಲ್ಲ. ಯುಗಾದಿ ಆರ್ಡರ್ ತಲೆ ಮೇಲೆ ಕುಂತಿತ್ತು. ಮೆಕ್ಯಾನಿಕ್ ಬಂದು ಕವರ್ ಬಿಚ್ಚಿ ನೋಡಿ "ಸ್ಪ್ರಿಂಗ್ ವೀಕ್ ಆಗೈತೆ ಅಣ್ಣ, ಹೊಸಾ ವಾಲ್ವ್ ತರಿಸ್ಬೇಕು, ಇಲ್ಲಾ ಎರಡು ಸುತ್ತು ಟೈಟ್ ಮಾಡ್ಲಾ?" ಅಂದ. ಟೈಟ್ ಮಾಡಪ್ಪಾ ಅಂದೆ. ಸೋರೋದು ನಿಂತ್ಹೋಯ್ತು, 100 ರೂಪಾಯಿ ಕೊಟ್ಟು ಕಳಿಸಿದೆ, ಖುಷಿಯಾಗೇ ಇದ್ದೆ.

ಮಾರ್ಚ್ 2022, ಮಧ್ಯಾಹ್ನ. ನಾನು ಗಂಟು ತರಾಕ ಹೋಗಿದ್ದೆ. ಇಸ್ತ್ರಿ ಪೆಟ್ಟಿಗೆ ಹತ್ರ ಪೈಪ್ ಕಿತ್ತು ಬಂದು ಆವಿ ಪೂರಾ ನಮ್ಮನೆಯವಳ ಬಲಗೈ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ. 11 ದಿನ ಆಸ್ಪತ್ರೆ, 64,000 ಬಿಲ್. ಅದ್ರ ಬಗ್ಗೆ ಹೆಚ್ಚಿಗೆ ಬರೆಯಾಕ ಮನಸ್ಸಿಲ್ಲ.

ಆಸ್ಪತ್ರೆಗೆ ಓಡೋ ಗಡಿಬಿಡಿಯಾಗೂ ನನ್ನ ಬಾಮೈದ ಒಂದು ಕೆಲಸ ಮಾಡಿದ್ದ. ಮೆಕ್ಯಾನಿಕ್ ಬಂದು ಬಿಚ್ಚಿ ನೋಡ್ತೀನಿ ಅಂದಾಗ ಮುಟ್ಟಬ್ಯಾಡ ಅಂತ ಗದರಿಸಿ, ಎಲ್ಲಾ ಕಡೆಯಿಂದ ಫೋಟೊ ವಿಡಿಯೋ ತೆಗೆದು, ಹಂಗೇ ಗೋಣಿಚೀಲದಾಗೆ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ಟಿದ್ದ. ಯಾರಿಗಾದ್ರೂ ಇಂಥದ್ದು ಆದ್ರೆ ದಯವಿಟ್ಟು ಇದೊಂದು ಮಾಡಿ, ರಿಪೇರಿ ಮಾಡಿಸಬ್ಯಾಡ್ರಿ, ಗುಜರಿಗೆ ಹಾಕಬ್ಯಾಡ್ರಿ. ಆಸ್ಪತ್ರೆ ಬೆಂಚ್ ಮೇಲೆ ಕುಂತು ಆ ಫೋಟೊ ಜೂಮ್ ಮಾಡಿ ನೋಡ್ತಿದ್ದೆ, ಪ್ರೆಶರ್ ಸ್ವಿಚ್ ಮೇಲೆ ಸಣ್ಣ ಅಕ್ಷರದಾಗೆ 6 ಆಂಪ್ಸ್ ಅಂತ ಇತ್ತು. 2000 ವ್ಯಾಟ್‌ನ 230 ವೋಲ್ಟ್‌ನಿಂದ ಭಾಗಿಸಿ ನೋಡ್ರಿ, 8.7 ಬರುತ್ತೆ. ಅಂದ್ರೆ 6 ಆಂಪ್ಸ್ ತಡೆಯೋ ಸ್ವಿಚ್‌ನಾಗೆ ದಿನಾ 8.7 ಓಡಿಸ್ತಿದ್ರು. ಅದ್ರ ಪಾಯಿಂಟ್ ಸುಟ್ಟು ಅಂಟ್ಕೊಂಡು ಕೂತ್ರೆ ಹೀಟರ್ ಆಫ್ ಆಗೋ ಮಾತೇ ಇಲ್ಲ. ಇದು ನನ್ನ ತಪ್ಪಲ್ಲ, ಫ್ಯಾಕ್ಟರಿಯಾಗೆ ಆಗಿದ್ದು. ಆದ್ರೆ ಎರಡನೇ ಕಾವಲುಗಾರನ ಬಾಯಿ ಕಟ್ಟಿದ್ದು ನಾನು. ಅವತ್ತು ರಾತ್ರಿ ಪೂರಾ ಇದೇ, ಅವರದೆಷ್ಟು, ನಂದೆಷ್ಟು.

ಓಣಿಯಾಗೆ ನಗೋರೂ ಇದ್ರು. "ಅಮೆರಿಕದಾಗೆ ಯಾವಳೋ ಕಾಫಿ ಮೈಮೇಲೆ ಚೆಲ್ಲಿಕೊಂಡು ಕೋಟಿಗಟ್ಟಲೆ ತಗೊಂಡ್ಲಂತೆ, ನೀನೂ ಹಂಗೇ ಮಾಡಪ್ಪ" ಅಂತ. ಆ ಕಥೆ ಏನು ಅಂತ ಕೂತು ಓದಿದೆ, ಜೋಕ್‌ನಾಗೆ ಹೇಳೋದೇ ಬೇರೆ ನಡೆದಿದ್ದೇ ಬೇರೆ. 1992ರಾಗೆ ಅಲ್ಬುಕರ್ಕಿ ಅನ್ನೋ ಊರು, 79 ವರ್ಷದ ಅಜ್ಜಿ, ಮೆಕ್‌ಡೊನಾಲ್ಡ್ಸ್ ಕಾಫಿ. ತೊಡೆ ಸುಟ್ಟು ಬೇರೆ ಕಡೆ ಚರ್ಮ ತೆಗೆದು ಹಾಕೋ ಮಟ್ಟಕ್ಕೆ ಹೋಗಿತ್ತು. ಆಕೆ ಮೊದಲು ಕೇಳಿದ್ದು ಖರ್ಚಿಗೆ 20,000 ಡಾಲರ್, ಕಂಪನಿ ಕೊಡ್ತೀನಿ ಅಂದಿದ್ದು 800. ಕಾಫಿನ 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಾಗೆ ಇಡ್ತಿದ್ರಂತೆ, ಅದಕ್ಕೂ ಮುಂಚೆ ಸುಟ್ಕೊಂಡವರ ದೂರು ಸುಮಾರು 700 ಬಂದಿದ್ವು. 1994ರಾಗೆ ಜ್ಯೂರಿ ಪರಿಹಾರ 2 ಲಕ್ಷ ಡಾಲರ್ ಅಂತ ಲೆಕ್ಕ ಹಾಕಿ, ಚೆಲ್ಲಿಕೊಂಡ ತಪ್ಪು ಅಜ್ಜಿದು 20 ಪರ್ಸೆಂಟ್ ಅಂತ ಕಳೆದು 1 ಲಕ್ಷ 60 ಸಾವಿರ ಮಾಡ್ತು. ಅದ್ರ ಮೇಲೆ ದಂಡ ಅಂತ ಹಾಕಿದ 27 ಲಕ್ಷ ಡಾಲರ್‌ನ ಜಡ್ಜ್ 4 ಲಕ್ಷ 80 ಸಾವಿರಕ್ಕೆ ಇಳಿಸಿದ್ರು. ನನಗೆ ಹಿಡಿಸಿದ್ದು ಆ 20 ಪರ್ಸೆಂಟ್. ಅಜ್ಜಿ ತಪ್ಪಿದ್ರೂ ಕಂಪನಿ ಬಚಾವ್ ಆಗ್ಲಿಲ್ಲ, ಕಂಪನಿ ತಪ್ಪಿದ್ರೂ ಅಜ್ಜಿ ಪಾಲು ಕಳೆದ್ರು.

ವಕೀಲರನ್ನ ಇಡ್ಲಿಲ್ಲ, ಜಿಲ್ಲಾ ಗ್ರಾಹಕ ಆಯೋಗದಾಗೆ ಕಡ್ಡಾಯ ಇಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಅದು ಜುಲೈ 2020ರಿಂದ ಜಾರಿ ಆಗೈತೆ, ಅದ್ರ 6ನೇ ಅಧ್ಯಾಯ ಪೂರಾ ಉತ್ಪನ್ನ ಹೊಣೆಗಾರಿಕೆ, ಅಂದ್ರೆ ದೋಷ ಇರೋ ಮಾಲಿನಿಂದ ಹಾನಿ ಆದ್ರೆ ಯಾರು ಹೊಣೆ ಅನ್ನೋ ವಿಷಯ, ಸೆಕ್ಷನ್ 82ರಿಂದ 87. ಘಟನೆ ಆಗಿ 2 ವರ್ಷದೊಳಗೆ ಹಾಕ್ಬೇಕು, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಫೀಸ್ ಇಲ್ಲ, ಕಂಪನಿ ಎಲ್ಲೇ ಇರ್ಲಿ ನಾವಿರೋ ಜಿಲ್ಲೆಯಾಗೇ ಹಾಕಬಹುದು. ಈ ಕೊನೇದು ಇರ್ಲಿಲ್ಲ ಅಂದ್ರೆ ನಾನು ಕೇಸ್ ಹಾಕ್ತಿರ್ಲಿಲ್ಲ, ಕಂಪನಿ ಇರೋದು ಎಲ್ಲೋ ಉತ್ತರದಾಗೆ, ರೈಲ್‌ಚಾರ್ಜ್‌ಗೇ ಮುಗಿದು ಹೋಗ್ತಿತ್ತು.

ಮೊದ್ಲು ಕಂಪನಿ ಅಡ್ರೆಸ್ಸೇ ಗೊತ್ತಿರ್ಲಿಲ್ಲ, ಮಷೀನ್ ಮೇಲೆ ಬರೀ ಒಂದು ಸ್ಟಿಕ್ಕರ್ ಹೆಸರು. ರಿಜಿಸ್ಟರ್ ಪೋಸ್ಟ್‌ನಾಗೆ ನೋಟಿಸ್ ಅಂಗಡಿಯವನಿಗೇ ಕಳಿಸಿದೆ. ಅದ್ರಾಗೆ ಒಂದು ಸಾಲು ಬರೆದಿದ್ದೆ, ತಯಾರಿಸಿದವರು ಯಾರು ಅಂತ ಗೊತ್ತಾಗದಿದ್ರೆ ಸೆಕ್ಷನ್ 86ರ ಪ್ರಕಾರ ಮಾರಿದವರೇ ಹೊಣೆ ಅಂತ. "ನಂಗೇನೂ ಗೊತ್ತಿಲ್ಲ ಅಣ್ಣ" ಅಂತಿದ್ದವನು ಒಂದೇ ವಾರಕ್ಕೆ ಕಂಪನಿ ಹೆಸರು, ಅಡ್ರೆಸ್, ಜಿಎಸ್‌ಟಿ ನಂಬರ್ ಎಲ್ಲಾ ವಾಟ್ಸಾಪ್ ಮಾಡಿದ!

ದೂರು ಬರೆಯೋ ಹೊತ್ತಿಗೆ ಮನೆಯಾಗೆ ಜಗಳ. ವಾಲ್ವ್ ವಿಷಯ ಬರೀಬ್ಯಾಡ ಅಂತ ಬಾಮೈದ, ಅದು ಮನೆಯವರಿಗೆ ಮತ್ತೆ ಮೆಕ್ಯಾನಿಕ್‌ಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ, ಅವನೂ ಬಾಯಿ ಬಿಡಲ್ಲ ಅಂತ. ನಂಗೂ ಆಸೆ ಆಗಿದ್ದು ನಿಜ. ನಮ್ಮನೆಯವಳು ಪಟ್ಟಿ ಕಟ್ಟಿದ ಕೈನಾಗೇ ಚಾ ಲೋಟ ಇಟ್ಟು "ರೀ, ನಾನು ಅಲ್ಲಿ ಬಂದು ನಿಂತಾಗ ಯಾರಾದ್ರೂ ಕೇಳಿದ್ರೆ ಹೇಳಿಬಿಡ್ತೀನಿ, ಈಗ್ಲೇ ಹೇಳಿರ್ತೀನಿ" ಅಂದ್ಲು. ಮುಗೀತು. ವಾಲ್ವ್ ನಟ್ ಮೇಲೆ ಪಾನಾ ಗುರುತು ಹೊಳೀತಾ ಇತ್ತು ಅನ್ನೋದೂ ಐತೆ, ಪರೀಕ್ಷೆಗೆ ಹೋದ್ರೆ ಹೆಂಗೂ ಸಿಕ್ತಿತ್ತು. ದೂರಿನ ಎರಡನೇ ಪುಟದಾಗೇ ಬರೆದೆ: ವಾಲ್ವ್ ಸೋರ್ತಿತ್ತು, ನಾನು ಹೇಳಿ ಟೈಟ್ ಮಾಡಿಸಿದೆ, ಅದು ಅಪಾಯ ಅಂತ ಮಷೀನ್ ಮೇಲಾಗ್ಲಿ ಜೊತೆಗೆ ಕೊಟ್ಟ ಕಾಗದದಾಗಾಗ್ಲಿ ಎಲ್ಲೂ ಬರೆದಿರ್ಲಿಲ್ಲ, ಯಾವ ನೀರು ಹಾಕ್ಬೇಕು ಅಂತಾನೂ ಇರ್ಲಿಲ್ಲ. ಕೊಟ್ಟಿದ್ದ ಕಾಗದ ಒಂದೇ ಹಾಳೆ, ಅದೂ ಇಂಗ್ಲಿಷ್‌ನಾಗೆ, ವಾರಂಟಿ ಯಾವುದಕ್ಕೆ ಇಲ್ಲ ಅನ್ನೋದೇ ತುಂಬಿತ್ತು. ಬಳಸೋ ಸೂಚನೆ, ಎಚ್ಚರಿಕೆ ಸರಿಯಾಗಿ ಕೊಡದೇ ಇರೋದೂ ತಯಾರಕರ ಹೊಣೆ ಅಂತ ಸೆಕ್ಷನ್ 84ರಾಗೇ ಐತೆ.

ಇನ್ನೊಂದು ಪಾಠ ದುಡ್ಡು ಕಟ್ಟಿ ಕಲಿತಂಗೆ ಆಯ್ತು. ಎರಡು ತಿಂಗಳು ಕೆಲಸ ನಿಂತಿದ್ದಕ್ಕೆ 90,000 ಲಾಸ್ ಅಂತ ಕೇಳಿದ್ದೆ. ಉತ್ಪನ್ನ ಹೊಣೆಗಾರಿಕೆಯಾಗೆ ಹಾನಿ ಅಂದ್ರೆ ಗಾಯ, ಕಾಯಿಲೆ, ಸಾವು, ಬೇರೆ ಆಸ್ತಿಗೆ ಆದ ನಷ್ಟ, ಅದ್ರಿಂದಾದ ಮಾನಸಿಕ ಹಿಂಸೆ, ಇಂಥವು ಮಾತ್ರ. ವ್ಯಾಪಾರದ ಲುಕ್ಸಾನು ಅದ್ರಾಗೆ ಬರಲ್ಲ, ಆ ವಸ್ತುಗೇ ಆದ ಹಾಳೂ ಬರಲ್ಲ. ಮಷೀನ್ ದುಡ್ಡು ಬೇಕು ಅಂದ್ರೆ ದೋಷ ಇರೋ ಮಾಲು ಅಂತ ಬೇರೆಯಾಗಿ ಕೇಳ್ಬೇಕು. ಆಯೋಗದ ಆಫೀಸ್‌ನಾಗೆ ಒಬ್ರು "ಸರ್, ಇದನ್ನ ಎರಡು ಪ್ರಾರ್ಥನೆ ಮಾಡಿ ಬರೀರಿ" ಅಂದ್ರು, ಅಂದ್ರೆ ಎರಡು ಬೇರೆ ಬೇರೆ ಬೇಡಿಕೆ, ಅದ್ರಿಂದ ಮಷೀನ್ ದುಡ್ಡು ಉಳೀತು, 90,000 ಹೋಯ್ತು.

ಕಂಪನಿ ಉತ್ತರ 43ನೇ ದಿನಕ್ಕೆ ಬಂತು. 30 ದಿನ, ಹೆಚ್ಚು ಅಂದ್ರೆ ಇನ್ನೊಂದು 15, ಅದ್ರ ಮೇಲೆ ಒಂದಿನಾನೂ ಕೊಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಾಗೆ ಹೇಳೈತೆ, ನಾನು ದಿನ ಎಣಿಸ್ತಾ ಕುಂತಿದ್ದೆ, ತಪ್ಪಿಸ್ಕೊಂಡ್ರು. ಅವರ ಮೊದಲ ಮಾತು, ಇವನು ಗ್ರಾಹಕನೇ ಅಲ್ಲ, ಧಂದೆಗೆ ತಗೊಂಡಿದ್ದಾನೆ ಅಂತ. ಇದಕ್ಕೆ ನಾನು ರೆಡಿ ಇದ್ದೆ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡೋಕೆ ತಗೊಂಡ್ರೆ ಅದು ವಾಣಿಜ್ಯ ಉದ್ದೇಶ ಅಲ್ಲ ಅಂತ ಕಾಯ್ದೆಯಾಗೇ ಬರೆದೈತೆ. 1995ರ ಲಕ್ಷ್ಮಿ ಇಂಜಿನಿಯರಿಂಗ್ ಕೇಸ್‌ನಾಗೆ ಸುಪ್ರೀಂ ಕೋರ್ಟ್, ಮನೆಯವರು ಇಲ್ಲಾ ಒಂದಿಬ್ಬರ ಸಹಾಯ ತಗೊಂಡ್ರೂ ಅದು ಸ್ವಂತ ಉದ್ಯೋಗವೇ ಅಂದಿತ್ತು. ಮನೆ ಕರೆಂಟ್ ಬಿಲ್, ರೇಷನ್ ಕಾರ್ಡ್, ಜಾಬ್ ವರ್ಕ್ ಚೀಟಿಗಳು, ಎಲ್ಲಾ ಕೊಟ್ಟೆ. ಎಂಟು ಹತ್ತು ಜನ ಕೆಲಸದವರು ಇದ್ದಿದ್ರೆ ಅಲ್ಲೇ ಬಾಗಿಲು ಹಾಕ್ತಿತ್ತು.

ಎರಡನೇ ಮಾತು, ದೂರುದಾರನೇ ವಾಲ್ವ್ ಕೆಡಿಸಿದ್ದಾನೆ. ನಾನು ಬರೆದಿದ್ದ ಸಾಲನ್ನೇ ಎತ್ತಿ ಹಾಕಿದ್ರು. ಬಾಮೈದ ನನ್ನ ಮುಖ ನೋಡಿದ. ಆದ್ರೆ ಸೆಕ್ಷನ್ 87 ಸರಿಯಾಗಿ ಓದ್ರಿ, ವಸ್ತುನ ದುರ್ಬಳಕೆ ಮಾಡಿದ್ರೆ ಬದಲಾಯಿಸಿದ್ರೆ ಕೇಸ್ ನಿಲ್ಲಲ್ಲ ಅಂತ ಇರೋದು ಮಾರಿದವನ ವಿರುದ್ಧ. ಅಂಗಡಿಯವನು ಗಾಯದ ವಿಷಯದಾಗೆ ಅದ್ರಿಂದ್ಲೇ ಪಾರಾದ. ತಯಾರಿಸಿದವರಿಗೆ ಆ ಸಾಲು ಹಂಗೇ ಅನ್ವಯ ಆಗ್ಲಿಲ್ಲ.

ಮಷೀನ್ ಪರೀಕ್ಷೆಗೆ ಕಳಿಸ್ರಿ ಅಂತ ಅರ್ಜಿ ಹಾಕಿ, ಖರ್ಚು ನಾನೇ ಕಟ್ಟಿದೆ. ಗೋಣಿಚೀಲ ಆಯೋಗದಾಗೇ ಬಿಚ್ಚಿ ಸೀಲ್ ಮಾಡಿದ್ರು. ವರದಿ ಬರಾಕ ಏಳು ತಿಂಗಳು, ಕಾಯ್ದೆ ಪ್ರಕಾರ ಪರೀಕ್ಷೆ ಇರೋ ಕೇಸ್ 5 ತಿಂಗಳಿಗೆ ಮುಗೀಬೇಕು ಅಂತೈತೆ, ಕೇಳಿದ್ರೆ ನಗ್ತಾರೆ. ಸ್ವಿಚ್ ಪಾಯಿಂಟ್ ಕರಗಿ ಅಂಟಿಕೊಂಡೈತೆ, ಹೀಟರ್ ಲೋಡ್‌ಗೆ ಸ್ವಿಚ್ ಸಾಲ್ದು, ವಾಲ್ವ್ ಎರಡೂವರೆ ಸುತ್ತು ಹೆಚ್ಚಿಗೆ ತಿರುಗಿಸೈತೆ, ಒಳಗೆ ಉಪ್ಪಿನ ಪದರ. ಎರಡೂ ಕಡೆಯವರ ಪಾಪ ಒಂದೇ ಹಾಳೆಯಾಗೆ.

ಕೊನೆ ಹಿಯರಿಂಗ್‌ನಾಗೆ ಅಧ್ಯಕ್ಷರು ಕಂಪನಿ ವಕೀಲರನ್ನ ಒಂದೇ ಪ್ರಶ್ನೆ ಕೇಳಿದ್ರು, ವಾಲ್ವ್ ಮುಟ್ಟದೇ ಇದ್ದಿದ್ರೆ ನಿಮ್ಮ ಸ್ವಿಚ್ ಸುಡ್ತಿರ್ಲಿಲ್ವಾ ಅಂತ. ಆಮೇಲೆ ನನ್ನ ಕಡೆ ತಿರುಗಿ, ಸ್ವಿಚ್ ಸುಟ್ರೂ ವಾಲ್ವ್ ಸರಿ ಇದ್ದಿದ್ರೆ ನಿಮ್ಮ ಹೆಂಡತಿ ಕೈ ಸುಡ್ತಿತ್ತಾ ಅಂದ್ರು. ಇಲ್ಲ ಸರ್ ಅಂದೆ. ಅವಳು ಹಿಂದಿನ ಬೆಂಚ್‌ನಾಗೇ ಕುಂತಿದ್ಲು.

2024ರಾಗೆ ಆದೇಶ ಬಂತು. ಆಸ್ಪತ್ರೆ ಖರ್ಚು 64,000, ನೋವಿಗೆ 1 ಲಕ್ಷ, ಒಟ್ಟು 1,64,000ದಾಗೆ ನಮ್ಮ ತಪ್ಪಿಗೆ ಕಾಲು ಭಾಗ ಕಳೆದು 1,23,000 ಕಂಪನಿ ಕೊಡ್ಬೇಕು. ಮಷೀನ್ ಬೆಲೆ 18,500 ಬಡ್ಡಿ ಸಮೇತ ಅಂಗಡಿಯವನು ಕಂಪನಿ ಇಬ್ರೂ ಸೇರಿ. ಕೇಸ್ ಖರ್ಚಿಗೆ 5,000. ನನ್ನ ಕೇಳಿದ್ರೆ ನಂದು ಕಾಲು ಭಾಗ ಅಲ್ಲ, ಮೂರರಾಗೆ ಒಂದಾದ್ರೂ ಇತ್ತು. ನಮ್ಮನೆಯವಳ ಲೆಕ್ಕದಾಗೆ ಇನ್ನೂ ಜಾಸ್ತಿ, ಸಾರಿಗೆ ಉಪ್ಪು ಹೆಚ್ಚಾಗೈತೆ ಅಂತ ನಾನು ಬಾಯಿ ತೆಗೆದ್ರೆ ಸಾಕು ಬೋರ್ ನೀರಿನ ಕಥೆ ಶುರು ಆಗುತ್ತೆ.

ಅಪೀಲಿಗೆ ಹೋಗ್ಬೇಕಾದ್ರೆ 45 ದಿನದಾಗೆ ಅರ್ಧ ದುಡ್ಡು ಡೆಪಾಸಿಟ್ ಇಟ್ಟು ಹೋಗ್ಬೇಕು. ಕಂಪನಿ ಹೋಗ್ಲಿಲ್ಲ, 41ನೇ ದಿನ ಡಿಡಿ ಬಂತು.

ಈಗಿರೋದು ಬೇರೆ ಮಷೀನ್. ಫಿಲ್ಟರ್ ನೀರು ಹಾಕ್ತೀವಿ. ಕವರ್ ಬಿಚ್ಚಿಸಿ ಸ್ವಿಚ್ ಮೇಲೆ 16 ಆಂಪ್ಸ್ ಅಂತ ಓದ್ಕೊಂಡೇ ದುಡ್ಡು ಕೊಟ್ಟೆ. ತಗೊಂಡಿದ್ದು ಅದೇ ಅಂಗಡಿಯಾಗೆ, ಬೇರೆ ಕಡೆ ಸಿಗ್ಲಿಲ್ಲ. ಅವನು ಚಾ ತರಿಸಿದ, ಕೇಸ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ, ಕೊನೆಗೆ ಪುಸ್ತಕ ತೆಗೆದು ತಲೆ ಎತ್ತದೇ ಕೇಳಿದ, "ಅಣ್ಣ, ಬಿಲ್ ಬೇಕಾ ಬೇಡ್ವಾ?"